ಗಡಿ ಊರುಗಳ ಪ್ರಾಥಮಿಕ ಶಾಲೆ: ಮಕ್ಕಳ ರಕ್ಷಣೆಗೆ ಇರುವ ಕಾನೂನು, ವ್ಯವಸ್ಥೆ ಮತ್ತು ಮನೆಯವರ ಪಾತ್ರ

ಹೊಸೂರು: ಮಗುವಿಗೆ ಶಾಲೆಯಲ್ಲಿ, ಶಾಲೆಯ ದಾರಿಯಲ್ಲಿ ಅಥವಾ ಮನೆಯಲ್ಲಿಯೇ ತೊಂದರೆಯಾದರೆ ಯಾರಿಗೆ ತಿಳಿಸಬೇಕು? ಮಗುವಿಗೆ ತಮಿಳು ಸರಿಯಾಗಿ ಬಾರದಿದ್ದರೆ ಪೊಲೀಸರ ಮುಂದೆ ಕನ್ನಡದಲ್ಲೇ ಹೇಳಬಹುದೇ? ಘಟನೆ ಅತ್ತಿಬೆಲೆಯಲ್ಲೋ ಆನೇಕಲ್‌ನಲ್ಲೋ ನಡೆದಿದ್ದರೆ ದೂರು ಎಲ್ಲಿ ಕೊಡಬೇಕು? ಹೊಸೂರು, ಡೆಂಕಣಿಕೋಟೆ, ಶೂಲಗಿರಿ, ಅಂಚೆಟ್ಟಿ ತಾಲೂಕುಗಳ ಕನ್ನಡ ಕುಟುಂಬಗಳಿಗೆ ಎದುರಾಗುವ ಪ್ರಶ್ನೆಗಳಿವು. ಇವಕ್ಕೆಲ್ಲ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ಮಗು ತನ್ನ ಮಾತಿನಲ್ಲೇ ಹೇಳುವ ಹಕ್ಕು ಅದರಲ್ಲಿ ಮುಖ್ಯವಾದದ್ದು. ಪೋಷಕರು, ಶಿಕ್ಷಕರು ಹಾಗೂ ಊರಿನ ಹಿರಿಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಜಿಲ್ಲೆ ಕಂಡ ಎರಡು ಘಟನೆಗಳು

ಧರ್ಮಪುರಿ ಜಿಲ್ಲೆಯಿಂದ ಬೇರ್ಪಟ್ಟು 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಇತ್ತೀಚಿನ ವರ್ಷಗಳಲ್ಲಿ ಈ ಜಿಲ್ಲೆಯ ಹೆಸರು ರಾಜ್ಯದಾದ್ಯಂತ ಕೇಳಿಬಂದದ್ದು ಎರಡು ಶಾಲೆಗಳ ಪ್ರಕರಣಗಳಿಂದ.

2024ರ ಆಗಸ್ಟ್‌ನಲ್ಲಿ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಶಿಬಿರದ ಹೆಸರಿನಲ್ಲಿ ಕಾರ್ಯಕ್ರಮ ನಡೆಯಿತು. ಅದು ಎನ್‌ಸಿಸಿಯ ಅನುಮತಿ ಇಲ್ಲದ ನಕಲಿ ಶಿಬಿರವಾಗಿತ್ತು. ಶಾಲೆಯಲ್ಲೇ ತಂಗಿದ್ದ ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂಬ ದೂರು ದಾಖಲಾಯಿತು. ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಆರೋಪದ ಮೇಲೆ ಶಾಲೆಯ ಆಡಳಿತಕ್ಕೆ ಸೇರಿದವರೂ ಬಂಧಿತರಾದರು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ನೇಮಿಸಿತು.

ಆರು ತಿಂಗಳ ನಂತರ, 2025ರ ಫೆಬ್ರವರಿಯಲ್ಲಿ, ಇದೇ ಜಿಲ್ಲೆಯ ಸರ್ಕಾರಿ ಮಾಧ್ಯಮಿಕ ಶಾಲೆಯೊಂದರ 13 ವರ್ಷದ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಮೂವರು ಶಿಕ್ಷಕರನ್ನು ಬಂಧಿಸಲಾಯಿತು. ಈ ಪ್ರಕರಣ ಹೊರಬಂದ ರೀತಿ ಗಮನಾರ್ಹ. ಬಾಲಕಿ ಹಲವು ದಿನಗಳಿಂದ ಶಾಲೆಗೆ ಬಂದಿರಲಿಲ್ಲ. ಏಕೆ ಬರುತ್ತಿಲ್ಲ ಎಂದು ಮುಖ್ಯೋಪಾಧ್ಯಾಯರು ವಿಚಾರಿಸಿದಾಗ ಮನೆಯವರು ವಿಷಯ ತಿಳಿಸಿದರು. ನಂತರ ಅದು ಮಕ್ಕಳ ರಕ್ಷಣಾ ಅಧಿಕಾರಿಗಳಿಗೂ ಪೊಲೀಸರಿಗೂ ತಲುಪಿತು.

ಮೊದಲನೆಯದರಲ್ಲಿ ದೊಡ್ಡವರು ಮಾತನ್ನು ಅಲ್ಲೇ ತಡೆದರು ಎಂಬುದು ಆರೋಪ. ಎರಡನೆಯದರಲ್ಲಿ ಒಬ್ಬರು ಹೋಗಿ ಕೇಳಿದರು. ಮಕ್ಕಳ ರಕ್ಷಣೆಯ ಕಾನೂನುಗಳೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಗಡಿ ಊರುಗಳ ವಿಶೇಷ ತೊಂದರೆ

ಹೊಸೂರು ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ತಳಿ, ಕೆಲಮಂಗಲ, ಬಾಗಲೂರು, ಅಂಚೆಟ್ಟಿ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಎರಡೂ ಎಂಬಂತಹ ಊರುಗಳು ಅನೇಕ. ಕನ್ನಡ ಮಾಧ್ಯಮದ ಶಾಲೆಗಳೂ ಈ ಭಾಗದಲ್ಲಿವೆ. ತಮಿಳುನಾಡಿನ ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದ ಮೇಲೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ಇನ್ನೊಂದೆಡೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ದೊಡ್ಡವರು ಎರಡು ಭಾಷೆಯಲ್ಲಿ ಸುಲಭವಾಗಿ ವ್ಯವಹರಿಸುತ್ತಾರೆ. ಆರೇಳು ವರ್ಷದ ಮಗುವಿಗೆ ಅದು ಸಾಧ್ಯವಿಲ್ಲ. ಪಾಠದ ತಮಿಳು ಬಂದರೂ ಭಯ, ನಾಚಿಕೆ, ನೋವು ಹೇಳುವ ಮಾತು ಮನೆಯ ಮಾತಾಗಿರುತ್ತದೆ. ಮೈಯ ಭಾಗಗಳ ಹೆಸರು ಮನೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು. ಮಗು ಹೇಳಿದ್ದು ಶಿಕ್ಷಕರಿಗೆ ಅರ್ಥವಾಗದೆ, ಶಿಕ್ಷಕರು ಕೇಳಿದ್ದು ಮಗುವಿಗೆ ತಿಳಿಯದೆ ವಿಷಯ ಅಲ್ಲಿಗೇ ನಿಂತುಹೋಗುವ ಸಾಧ್ಯತೆ ಹೆಚ್ಚು.

ಎರಡನೆಯ ತೊಂದರೆ ದುಡಿಮೆಯದು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳ ಪಾಳಿಗೆ, ಗುಲಾಬಿ ತೋಟಗಳಿಗೆ ತಂದೆತಾಯಿಗಳು ಬೆಳಗಾಗುವ ಮೊದಲೇ ಹೊರಡುತ್ತಾರೆ. ಮಕ್ಕಳು ಅಜ್ಜಿ ತಾತಂದಿರ ಬಳಿ, ಇಲ್ಲವೇ ಅಕ್ಕಪಕ್ಕದ ಮನೆಯವರ ನೋಟದಲ್ಲಿ ಉಳಿಯುತ್ತಾರೆ. ಮಗು ಸಪ್ಪಗಿರುವುದನ್ನು ದಿನವೂ ನೋಡುವವರು ಹಲವು ಸಲ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರೇ ಆಗಿರುತ್ತಾರೆ.

ಯಾವುದು ದೌರ್ಜನ್ಯ?

ಮಕ್ಕಳ ರಕ್ಷಣೆ ಎಂದರೆ ಲೈಂಗಿಕ ದೌರ್ಜನ್ಯ ತಡೆಯುವುದಷ್ಟೇ ಎಂಬ ಭಾವನೆ ಇದೆ. ಕಾನೂನಿನ ದೃಷ್ಟಿಯಲ್ಲಿ ಕೆಳಗಿನವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ.

ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ: ಶಿಕ್ಷಣ ಹಕ್ಕು ಕಾಯ್ದೆ 2009 ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 17ನೇ ಕಲಂ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. "ಹೊಡೆದು ಬುದ್ಧಿ ಕಲಿಸಿ ಮೇಷ್ಟ್ರೇ" ಎಂದು ಪೋಷಕರೇ ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಸಿಗುವುದಿಲ್ಲ. ಜಾತಿ ಹೆಸರಿಟ್ಟು ಕರೆಯುವುದು, ಮನೆಮಾತನ್ನು ಹಿಡಿದು ಹಂಗಿಸುವುದು ಮಾನಸಿಕ ಕಿರುಕುಳವೇ.

ಲೈಂಗಿಕ ದೌರ್ಜನ್ಯ: 2012ರ ನವೆಂಬರ್ 14ರಂದು ಜಾರಿಯಾದ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮುಟ್ಟುವುದು ಮಾತ್ರವಲ್ಲ, ಅಶ್ಲೀಲ ಚಿತ್ರ ತೋರಿಸುವುದು, ಹಿಂಬಾಲಿಸುವುದು, ಕೆಟ್ಟ ಮಾತನಾಡುವುದೂ ಅಪರಾಧ.

ಬಾಲಕಾರ್ಮಿಕ ಪದ್ಧತಿ: 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ದುಡಿಸುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯ ಕೆಲಸಕ್ಕೆ ನೆರವಾಗಲು ಮಾತ್ರ ಅವಕಾಶವಿದೆ, ಅದೂ ಅಪಾಯಕಾರಿ ಕೆಲಸವಾಗಿರಬಾರದು. ರಾಗಿ ಕೊಯ್ಲು, ಟೊಮೆಟೊ ಬಿಡಿಸುವ ಸಮಯದಲ್ಲಿ ಶಾಲೆ ಬಿಡಿಸಿ ಕರೆದೊಯ್ಯುವುದಕ್ಕೆ ಅವಕಾಶವಿಲ್ಲ.

ನಿರ್ಲಕ್ಷ್ಯ: ಊಟ, ಚಿಕಿತ್ಸೆ, ನೋಡಿಕೊಳ್ಳುವವರು ಇಲ್ಲದಂತೆ ಮಗುವನ್ನು ಬಿಡುವುದು. ಮಕ್ಕಳ ನ್ಯಾಯ ಕಾಯ್ದೆ 2015ರ 75ನೇ ಕಲಂ ಮಗುವನ್ನು ಹಿಂಸಿಸುವ ಅಥವಾ ಬೇಕೆಂದೇ ನಿರ್ಲಕ್ಷಿಸುವ ಹೊಣೆಗಾರರಿಗೆ ಶಿಕ್ಷೆ ವಿಧಿಸುತ್ತದೆ.

ಬಾಲ್ಯವಿವಾಹ: ಇದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ವಿವರಿಸಲಾಗಿದೆ.

ಶಾಲೆಯೊಳಗೆ ಏನಿರಬೇಕು?

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ತಮಿಳಿನಲ್ಲಿ ಇದನ್ನು 'ಪಳ್ಳಿ ಮೇಲಾಣ್ಮೈ ಕುಳು' ಎನ್ನುತ್ತಾರೆ. ಕಟ್ಟಡ, ನೀರು, ಶೌಚಾಲಯಗಳ ಜೊತೆಗೆ ಮಕ್ಕಳ ಸುರಕ್ಷತೆಯನ್ನೂ ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಬಹುದು. ಕನ್ನಡ ಮಾತನಾಡುವ ತಾಯಂದಿರು ಸಮಿತಿಯಲ್ಲಿದ್ದರೆ ಇತರ ತಾಯಂದಿರು ಧೈರ್ಯದಿಂದ ವಿಷಯ ಹೇಳಬಲ್ಲರು.

ಇದಲ್ಲದೆ 2021ರಲ್ಲಿ ತಮಿಳುನಾಡು ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಪ್ರತಿ ಶಾಲೆಯಲ್ಲೂ ವಿದ್ಯಾರ್ಥಿ ರಕ್ಷಣಾ ಸಲಹಾ ಸಮಿತಿ ರಚಿಸಬೇಕು. ಮುಖ್ಯೋಪಾಧ್ಯಾಯರು, ಶಿಕ್ಷಕರು, ಪೋಷಕ ಪ್ರತಿನಿಧಿಗಳು ಹಾಗೂ ಬೋಧಕೇತರ ಸಿಬ್ಬಂದಿ ಇದರಲ್ಲಿರುತ್ತಾರೆ. ಮಕ್ಕಳು ಚೀಟಿ ಬರೆದು ಹಾಕಲು 'ಮಾಣವರ್ ಮನಸು' ಎಂಬ ಪೆಟ್ಟಿಗೆಯನ್ನೂ ಶಾಲೆಗಳಲ್ಲಿ ಇಡಲಾಗಿದೆ. ಚೀಟಿಯನ್ನು ಕನ್ನಡದಲ್ಲಿ ಬರೆದರೂ ನಡೆಯುತ್ತದೆ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಬರೆಯಲು ಬಾರದ ಒಂದು, ಎರಡನೇ ತರಗತಿಯ ಮಕ್ಕಳಿಗೆ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಅವರ ಮಾತು ಕೇಳಿಸಿಕೊಳ್ಳಲು ಮನೆಮಾತು ಬಲ್ಲ ಒಬ್ಬ ಶಿಕ್ಷಕರೋ ಅಡುಗೆ ಸಿಬ್ಬಂದಿಯೋ ಬೇಕಾಗುತ್ತದೆ.

ಪೋಕ್ಸೋ ನಿಯಮಗಳು 2020ರ 3ನೇ ನಿಯಮ ಇನ್ನೊಂದು ಮುಖ್ಯ ಹೊಣೆಯನ್ನು ಶಾಲೆಗಳ ಮೇಲೆ ಹೊರಿಸಿದೆ. ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕು. ಕಾಯಂ ಶಿಕ್ಷಕರು ಮಾತ್ರವಲ್ಲದೆ ಗುತ್ತಿಗೆ ಸಿಬ್ಬಂದಿಯೂ ಇದಕ್ಕೆ ಒಳಪಡುತ್ತಾರೆ. 2024ರ ಶಿಬಿರದ ಪ್ರಕರಣದ ನಂತರ ಹೊರಗಿನವರು ಬಂದು ತರಬೇತಿ, ಕರಾಟೆ, ಶಿಬಿರ ನಡೆಸುವುದಾದರೆ ಅನುಮತಿ ಪತ್ರ ಎಲ್ಲಿದೆ, ಯಾರು ಕೊಟ್ಟರು, ರಾತ್ರಿ ತಂಗುವುದಾದರೆ ಮಹಿಳಾ ಶಿಕ್ಷಕರು ಯಾರು ಜೊತೆಗಿರುತ್ತಾರೆ ಎಂದು ಕೇಳುವುದು ಪೋಷಕರ ಕರ್ತವ್ಯವೇ ಆಗಿದೆ.

ವಿಷಯ ತಿಳಿದವರು ಸುಮ್ಮನಿರುವಂತಿಲ್ಲ

ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ಹೇಳದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕ್ರಮವೂ ಇಲ್ಲ. ಮಾಹಿತಿ ಕೊಡದ ಕಾರಣಕ್ಕೆ ಮಗುವನ್ನು ಶಿಕ್ಷಿಸುವಂತಿಲ್ಲ.

ಆದ್ದರಿಂದ ಊರ ಪಂಚಾಯಿತಿಯಲ್ಲಿ ಕೂಡಿಸಿ, ದಂಡ ಕಟ್ಟಿಸಿ, ರಾಜಿ ಮಾಡಿ ಮುಗಿಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. "ಮುಂದೆ ಮಗಳ ಮದುವೆಗೆ ತೊಂದರೆಯಾಗುತ್ತದೆ", "ಶಾಲೆಯ ಹೆಸರು ಹಾಳಾಗುತ್ತದೆ" ಎಂಬ ಮಾತುಗಳೇ ಹೆಚ್ಚಿನ ಪ್ರಕರಣಗಳನ್ನು ಮುಚ್ಚಿಹಾಕುತ್ತವೆ. ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಪತ್ರಿಕೆಯಾಗಲಿ ಟೀವಿಯಾಗಲಿ ಪ್ರಕಟಿಸಬಾರದೆಂದು 23ನೇ ಕಲಂ ಹೇಳುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಗುವಿನ ಹೆಸರು, ಫೋಟೊ ಹರಿಬಿಡುವವರೂ ಕ್ರಮ ಎದುರಿಸಬೇಕಾಗುತ್ತದೆ.

ದೂರು ಕೊಟ್ಟ ಮೇಲೆ ಏನಾಗುತ್ತದೆ?

ಠಾಣೆಗೆ ಹೋದರೆ ಮಗುವನ್ನು ದಿನವಿಡೀ ಕೂರಿಸುತ್ತಾರೆ ಎಂಬ ಭಯದಿಂದ ಅನೇಕರು ಹಿಂಜರಿಯುತ್ತಾರೆ. ಕಾನೂನಿನ ಕ್ರಮ ಬೇರೆಯೇ ಇದೆ.

1. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ ಪಡೆಯಬೇಕು. ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರಬೇಕು. ಅವರು ಸಮವಸ್ತ್ರದಲ್ಲಿರಬಾರದು.

2. ತಂದೆತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಆರೋಪಿ ಮಗುವಿನ ಎದುರಿಗೆ ಬರಬಾರದು.

3. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

4. ಪೊಲೀಸರು 24 ಗಂಟೆಯೊಳಗೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು.

5. ಬಾಲಕಿಯ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಎಫ್‌ಐಆರ್ ಆಗಿಲ್ಲ, ಕಾಗದ ತಂದಿಲ್ಲ ಎಂದು ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಚಿಕಿತ್ಸೆ ಉಚಿತ.

6. ಪ್ರಕರಣ ಮುಗಿಯುವವರೆಗೆ ಮಗುವಿಗೂ ಮನೆಯವರಿಗೂ ನೆರವಾಗಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು. ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ಹಣ ಹಾಗೂ ನ್ಯಾಯಾಲಯದ ಮೂಲಕ ಮಧ್ಯಂತರ ಪರಿಹಾರ ಪಡೆಯಲೂ ಅವಕಾಶವಿದೆ.

7. ವಿಚಾರಣೆ ಮುಚ್ಚಿದ ಬಾಗಿಲಿನಲ್ಲಿ ನಡೆಯುತ್ತದೆ. ಸಾಧ್ಯವಾದಷ್ಟು ಒಂದು ವರ್ಷದೊಳಗೆ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ.

ಕನ್ನಡದಲ್ಲಿ ಹೇಳಿಕೆ ಕೊಡುವ ಹಕ್ಕು

ಗಡಿ ಭಾಗದ ಪೋಷಕರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಮಗುವಿಗೆ ತಿಳಿಯುವಂತೆ ಸರಳ ಭಾಷೆಯಲ್ಲಿ ಹೇಳಿಕೆ ದಾಖಲಿಸಬೇಕೆಂದು ಪೋಕ್ಸೋ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕರನ್ನು ಒದಗಿಸಬೇಕು. ನ್ಯಾಯಾಲಯದಲ್ಲಿ ಸಾಕ್ಷ್ಯ ಹೇಳುವಾಗಲೂ 38ನೇ ಕಲಂ ಪ್ರಕಾರ ಈ ನೆರವು ಪಡೆಯಬಹುದು. ಅದರ ಶುಲ್ಕವನ್ನು ಕುಟುಂಬ ಕೊಡಬೇಕಾಗಿಲ್ಲ.

ಅನುವಾದಕರು ಯಾರು ಆಗಬಹುದು ಎಂಬುದನ್ನು 2020ರ ನಿಯಮಗಳು ವಿವರಿಸಿವೆ. ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಅನುವಾದಕರ ಹೆಸರುಗಳ ಒಂದು ದಾಖಲೆ ಇಟ್ಟಿರಬೇಕು. ಅವರಿಗೆ ಮಗುವಿನ ಭಾಷೆಯೂ ರಾಜ್ಯದ ಆಡಳಿತ ಭಾಷೆಯೂ ಬರಬೇಕು. ಇದಕ್ಕೆ ದೊಡ್ಡ ಪದವಿಯೇ ಬೇಕೆಂದಿಲ್ಲ. ಆ ಭಾಷೆ ಮಾತೃಭಾಷೆಯಾಗಿರಬಹುದು, ಕನಿಷ್ಠ ಪ್ರಾಥಮಿಕ ಹಂತದವರೆಗೆ ಆ ಮಾಧ್ಯಮದಲ್ಲಿ ಓದಿರಬಹುದು, ಅಥವಾ ಆ ಭಾಷೆಯ ಪ್ರದೇಶದಲ್ಲಿ ವಾಸವಿದ್ದು, ಕೆಲಸ ಮಾಡಿ ಕಲಿತಿರಬಹುದು. ಅಂದರೆ ತಳಿ, ಬಾಗಲೂರು ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ತಮಿಳೂ ಬಲ್ಲ ನಿವೃತ್ತ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರಾಗಿದ್ದವರು, ಕಾಲೇಜು ಮುಗಿಸಿದ ಯುವತಿಯರು ಈ ಕೆಲಸಕ್ಕೆ ತಮ್ಮ ಹೆಸರು ಕೊಡಲು ಮುಂದೆ ಬರಬಹುದು.

ಅನುವಾದಕರು ಯಾರ ಪಕ್ಷವನ್ನೂ ವಹಿಸುವಂತಿಲ್ಲ. ಮಗು ಹೇಳಿದ್ದಕ್ಕೆ ಸೇರಿಸುವುದೂ ಬಿಡುವುದೂ ಕೂಡದು. ಆರೋಪಿಯ ನೆಂಟರು, ಅದೇ ಶಾಲೆಯ ಸಿಬ್ಬಂದಿ ಅನುವಾದಕ್ಕೆ ಕುಳಿತರೆ ಪೋಷಕರು ಆಕ್ಷೇಪಿಸಬೇಕು. ಹೇಳಿಕೆ ಬರೆದಾದ ಮೇಲೆ ಅದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿ, ಸರಿಯಾಗಿದ್ದರೆ ಮಾತ್ರ ಸಹಿ ಹಾಕಬೇಕು.

ಘಟನೆ ಗಡಿಯಾಚೆ ನಡೆದಿದ್ದರೆ

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಜೂಜುವಾಡಿ ದಾಟಿದರೆ ಅತ್ತಿಬೆಲೆ. ಒಂದೇ ಕುಟುಂಬದ ಮನೆ ಈ ಕಡೆ, ಕೆಲಸ ಆ ಕಡೆ, ನೆಂಟರು ಎರಡೂ ಕಡೆ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಕೇಳಿ ವಾಪಸು ಬರಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಇಂತಹ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಆ ಠಾಣೆಯವರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಕೆಲಸಕ್ಕಾಗಿ ಊರು ಬದಲಿಸುವ ಕುಟುಂಬಗಳ ಮಕ್ಕಳು ಶಾಲೆ ಬಿಡುವುದೂ ಒಂದು ಅಪಾಯ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮಗು ರಾಜ್ಯದೊಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ವರ್ಗವಾಗಬಹುದು. ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೂ ಬಾಗಿಲು ಮುಚ್ಚುವಂತಿಲ್ಲ. ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರಿತೇ ಎಂದು ಹಳೆಯ ಶಾಲೆಯ ಶಿಕ್ಷಕರು ಒಂದು ಫೋನ್ ಮಾಡಿ ವಿಚಾರಿಸಿದರೆ ಮಗು ದಾರಿಯಲ್ಲಿ ತಪ್ಪಿಹೋಗುವುದನ್ನು ತಡೆಯಬಹುದು.

ಐದನೇ ತರಗತಿಯ ನಂತರ: ಬಾಲ್ಯವಿವಾಹದ ಭೀತಿ

2025ರ ಮಾರ್ಚ್‌ನಲ್ಲಿ ಅಂಚೆಟ್ಟಿ ಬೆಟ್ಟ ಪ್ರದೇಶದ 14 ವರ್ಷದ ಬಾಲಕಿಯೊಬ್ಬಳನ್ನು ಬಲವಂತವಾಗಿ ಎತ್ತಿಕೊಂಡು ಹೋಗುವ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಏಳನೇ ತರಗತಿಗೆ ಓದು ನಿಲ್ಲಿಸಿದ್ದ ಆಕೆಗೆ ಬೆಂಗಳೂರಿನಲ್ಲಿ ಮದುವೆ ಮಾಡಲಾಗಿತ್ತು. ಗಂಡನ ಮನೆಗೆ ಹೋಗಲಾರೆನೆಂದು ಅತ್ತರೂ ಬಿಡಲಿಲ್ಲ. ಡೆಂಕಣಿಕೋಟೆ ಮಹಿಳಾ ಪೊಲೀಸರು ಪ್ರಕರಣ ದಾಖಲಿಸಿ ಬಂಧನಗಳನ್ನು ಮಾಡಿದರು.

ಬೆಟ್ಟದ ಊರುಗಳಲ್ಲಿ ಪ್ರಾಥಮಿಕ ಶಾಲೆ ಹತ್ತಿರ, ಮುಂದಿನ ಶಾಲೆ ದೂರ. ಕಾಡುದಾರಿಯಲ್ಲಿ ಹೆಣ್ಣುಮಗುವನ್ನು ಕಳುಹಿಸಲು ಹೆದರಿ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದ ಮಗುವಿಗೆ ಸೋದರಮಾವನೋ ನೆಂಟರ ಹುಡುಗನೋ ಗಂಡಾಗಿ ಗೊತ್ತಾಗುತ್ತದೆ. ಓದು ನಿಂತ ದಿನವೇ ಮದುವೆಯ ಮಾತು ಶುರುವಾಗುವುದರಿಂದ ಐದನೇ ತರಗತಿ ಮುಗಿಸಿದ ಪ್ರತಿ ಮಗು ಆರನೇ ತರಗತಿಗೆ ಸೇರಿತೇ ಎಂದು ನೋಡುವುದು ಪ್ರಾಥಮಿಕ ಶಾಲೆಯ ಮುಖ್ಯ ರಕ್ಷಣಾ ಕೆಲಸ.

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಂತೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಮದುವೆ ಮಾಡಿಸಿದವರು, ಪ್ರೋತ್ಸಾಹಿಸಿದವರು, ಭಾಗವಹಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗಡಿಯಾಚೆ ಹೋಗಿ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದರೆ ತಪ್ಪಿಸಿಕೊಳ್ಳಬಹುದೆಂಬ ಲೆಕ್ಕಾಚಾರ ತಪ್ಪು. ಕೇಂದ್ರ ಕಾಯ್ದೆಯಂತೆ ಇಂತಹ ಮದುವೆಯನ್ನು ಅರ್ಜಿ ಹಾಕಿ ರದ್ದು ಮಾಡಿಸಬಹುದು. ಪ್ರಾಪ್ತ ವಯಸ್ಸು ತುಂಬಿದ ನಂತರವೂ ಎರಡು ವರ್ಷದವರೆಗೆ ಈ ಅವಕಾಶವಿದೆ. ಕರ್ನಾಟಕದ ತಿದ್ದುಪಡಿ ಇನ್ನೂ ಕಠಿಣ, ಅಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಯಾಗಿದೆ ಎಂಬುದು ಪೋಕ್ಸೋದಿಂದ ರಕ್ಷಣೆ ಕೊಡುವುದಿಲ್ಲ. 18 ವರ್ಷದೊಳಗಿನ ಹೆಂಡತಿಯೊಡನೆ ಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದೆ.

ಮದುವೆ ನಿಶ್ಚಯವಾದ ಸುಳಿವು ಸಿಕ್ಕರೆ 1098ಕ್ಕೆ ಅಥವಾ ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಗೆ ತಿಳಿಸಬಹುದು. ನ್ಯಾಯಾಧೀಶರು ಮದುವೆಗೆ ತಡೆಯಾಜ್ಞೆ ಕೊಡಬಲ್ಲರು. ತಡೆಯಾಜ್ಞೆ ಮೀರಿ ನಡೆದ ಮದುವೆ ಎಲ್ಲೇ ಆದರೂ ಅಸಿಂಧು. ಓದು ಮುಂದುವರಿಸಲು ಉತ್ತೇಜನವಾಗಿ 2022ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ 'ಪುದುಮೈ ಪೆಣ್' ಯೋಜನೆ, ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿವರೆಗೆ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,000 ರೂಪಾಯಿ ನಿಗದಿ ಮಾಡಿತು.

ಶಾಲೆಯ ದಾರಿ

ಜವಳಗಿರಿ, ತಳಿ, ಡೆಂಕಣಿಕೋಟೆ ಕಾಡಂಚಿನ ಊರುಗಳಿಗೆ ರಾಗಿ ಕೊಯ್ಲಿನ ಕಾಲದಲ್ಲಿ ಬನ್ನೇರುಘಟ್ಟ ಕಡೆಯಿಂದ ಆನೆಹಿಂಡುಗಳು ಬರುತ್ತವೆ. ಆ ತಿಂಗಳುಗಳಲ್ಲಿ ಮಕ್ಕಳು ಒಂಟಿಯಾಗಿ ಮುಂಜಾನೆ, ಸಂಜೆ ನಡೆಯದಂತೆ ನೋಡಿಕೊಳ್ಳಬೇಕು. ಆನೆ ಬಂದಿದೆ ಎಂದು ತಿಳಿದ ದಿನ ತಡವಾಗಿ ಬಂದ ಮಗುವನ್ನು ಶಾಲೆಯಲ್ಲಿ ಗದರಬಾರದು. ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದ ಶೂಲಗಿರಿ, ಹೊಸೂರು ಭಾಗದಲ್ಲಿ ರಸ್ತೆ ದಾಟುವುದೇ ದೊಡ್ಡ ಅಪಾಯ. ನಾಲ್ಕಾರು ಮನೆಯವರು ಸರದಿಯಂತೆ ಒಬ್ಬ ದೊಡ್ಡವರನ್ನು ಮಕ್ಕಳ ಜೊತೆ ಕಳುಹಿಸುವುದು ಖರ್ಚಿಲ್ಲದ ಉಪಾಯ. ಆಟೋ, ವ್ಯಾನ್‌ಗಳಲ್ಲಿ ಕಳುಹಿಸುವವರು ಚಾಲಕನ ಹೆಸರು, ಊರು, ಫೋನ್ ಸಂಖ್ಯೆ ತಿಳಿದಿರಬೇಕು.

ಮನೆ ನೆಮ್ಮದಿಯಾಗಿದ್ದರೆ ಮಗು ಕ್ಷೇಮ

ಹಸಿದ ಮಗು, ಜಗಳದ ಮನೆಯ ಮಗು, ತಂದೆ ಅಥವಾ ತಾಯಿ ತೀರಿಕೊಂಡ ಮಗು ಬೇಗ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ಮನೆಗೆ ನೆರವು ಸಿಗುವಂತೆ ಮಾಡುವುದೂ ರಕ್ಷಣೆಯ ಭಾಗ.

ಊಟ: ಮಧ್ಯಾಹ್ನದ 'ಸತ್ತುಣವು' 1982ರಿಂದ ನಡೆದುಬಂದಿದೆ. ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್ 15ರಂದು ಆರಂಭವಾಗಿ, 2023ರ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ, 2024ರ ಜುಲೈನಲ್ಲಿ ಗ್ರಾಮೀಣ ಅನುದಾನಿತ ಶಾಲೆಗಳಿಗೂ ವಿಸ್ತರಿಸಿತು. ಬೆಳಗಿನ ಪಾಳಿಗೆ ಹೋಗುವ ತಾಯಂದಿರಿಗೆ ಇದು ದೊಡ್ಡ ಆಸರೆ.

ಹಣ: ವಿಧವೆಯರು, ಗಂಡ ಬಿಟ್ಟುಹೋದವರು, ಗಂಭೀರ ಕಾಯಿಲೆಯವರ ಮಕ್ಕಳಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಮಾರ್ಗಸೂಚಿಯಂತೆ ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು, ಇತರೆಡೆ 96,000. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಜನರ ಅಹವಾಲು ದಿನದಲ್ಲೂ ಮನವಿ ಸಲ್ಲಿಸಬಹುದು.

ಕುಡಿತ ಮತ್ತು ಮನಸ್ಸಿನ ಆರೋಗ್ಯ: ತಂದೆಯ ಕುಡಿತ, ತಾಯಿಯ ಖಿನ್ನತೆ ಮಗುವಿನ ಓದಿನಲ್ಲಿ ಮೊದಲು ಕಾಣಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತನಾಡಬಹುದು. ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ವ್ಯಸನ ಬಿಡಿಸುವ ವಿಭಾಗವೂ ಇವೆ. ಮನೆಯಲ್ಲಿ ಹೊಡೆತ ತಿನ್ನುವ ಮಹಿಳೆಯರು 181ಕ್ಕೆ ಕರೆ ಮಾಡಬಹುದು.

ಮನೆಯವರು ಗಮನಿಸಬೇಕಾದ ಸೂಚನೆಗಳು

ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಎನ್ನುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಮರೆಯಾಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು, ನಿದ್ದೆಯಲ್ಲಿ ಬೆಚ್ಚುವುದು, ಕಾರಣ ಹೇಳಲಾಗದ ಗಾಯ, ಕೈಯಲ್ಲಿ ಹೊಸ ಹಣ ಅಥವಾ ತಿಂಡಿ, ವಯಸ್ಸಿಗೆ ಮೀರಿದ ಮಾತು. ಇವುಗಳಲ್ಲಿ ಒಂದು ಕಂಡಾಕ್ಷಣ ದೌರ್ಜನ್ಯವೇ ಆಗಿದೆ ಎಂದು ತೀರ್ಮಾನಿಸಬೇಕಿಲ್ಲ. ಆದರೆ ಕೇಳದೆ ಬಿಡಬಾರದು. ತೊಂದರೆ ಕೊಡುವವರು ಹೆಚ್ಚಾಗಿ ಮಗುವಿಗೆ ಪರಿಚಿತರೇ ಆಗಿರುತ್ತಾರೆ ಎಂಬುದನ್ನೂ ನೆನಪಿಡಬೇಕು.

ಶಾಲೆಯಲ್ಲಿ ತಮಿಳಿನಲ್ಲಿ 'ನಲ್ಲ ತೊಡುದಲ್, ಕೆಟ್ಟ ತೊಡುದಲ್' ಎಂದು ಕಲಿಸುವುದನ್ನು ಮನೆಯಲ್ಲಿ ಕನ್ನಡದಲ್ಲಿ ಮತ್ತೊಮ್ಮೆ ಹೇಳಿಕೊಡಬೇಕು. ಮೈಯ ಎಲ್ಲ ಭಾಗಗಳ ಹೆಸರು ಮಗುವಿಗೆ ಎರಡೂ ಭಾಷೆಯಲ್ಲಿ ತಿಳಿದಿರಲಿ. "ಬೇಡ" ಎನ್ನುವುದು, ಅಲ್ಲಿಂದ ಓಡಿಬರುವುದು, ನಂಬಿದವರಿಗೆ ಹೇಳುವುದು ಎಂಬ ಮೂರನ್ನು ಗಂಡುಮಕ್ಕಳಿಗೂ ಕಲಿಸಬೇಕು.

ಮಗು ಹೇಳಿದಾಗ

ಪೂರ್ತಿ ಕೇಳಿಸಿಕೊಳ್ಳಿ. "ನೀನು ಅಲ್ಲಿಗೆ ಯಾಕೆ ಹೋದೆ" ಎಂದು ಬೈಯಬೇಡಿ. "ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ" ಎಂದು ಧೈರ್ಯ ಹೇಳಿ. ನೆಂಟರೆಲ್ಲರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಗು ಬಳಸಿದ ಮಾತುಗಳನ್ನು, ಅದು ಕನ್ನಡವೋ ತೆಲುಗೋ, ಹಾಗೆಯೇ ಒಂದು ಹಾಳೆಯಲ್ಲಿ ದಿನಾಂಕ ಸಮೇತ ಬರೆದಿಡಿ. ಆಗಷ್ಟೇ ನಡೆದ ಘಟನೆಯಾದರೆ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆರೋಪಿಯ ಮನೆಗೆ ಹೋಗಿ ಜಗಳವಾಡಿದರೆ ಸಾಕ್ಷ್ಯ ನಾಶವಾಗುತ್ತದೆ. ಮೊದಲು ಫೋನ್ ಮಾಡುವುದು ಒಳ್ಳೆಯದು.

ನೆನಪಿಡಬೇಕಾದ ಸಂಖ್ಯೆಗಳು

1098: ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಉಚಿತ. ಮಗು ತಾನೇ ಕರೆ ಮಾಡಬಹುದು.
112: ಪೊಲೀಸ್ ಮತ್ತು ಇತರ ತುರ್ತು ಸೇವೆ.
181: ಮಹಿಳಾ ಸಹಾಯವಾಣಿ.
14417: ತಮಿಳುನಾಡು ಶಾಲಾ ಶಿಕ್ಷಣ ಸಹಾಯವಾಣಿ.
14416: ಟೆಲಿ ಮಾನಸ್, ಮಾನಸಿಕ ಆರೋಗ್ಯ.

ಗಡಿ ಊರುಗಳಲ್ಲಿ ಮೊಬೈಲ್ ಪಕ್ಕದ ರಾಜ್ಯದ ಟವರ್ ಹಿಡಿಯುವುದುಂಟು. ಆದ್ದರಿಂದ ಕರೆ ಮಾಡಿದ ಕೂಡಲೇ ಊರು, ತಾಲೂಕು, "ಕೃಷ್ಣಗಿರಿ ಜಿಲ್ಲೆ, ತಮಿಳುನಾಡು" ಎಂದು ಹೇಳಬೇಕು.

ಕಚೇರಿಗಳ ಫಲಕಗಳು ತಮಿಳಿನಲ್ಲಿರುತ್ತವೆ. ಮಹಿಳಾ ಪೊಲೀಸ್ ಠಾಣೆ 'ಅನೈತ್ತು ಮಗಳಿರ್ ಕಾವಲ್ ನಿಲೈಯಂ', ಜಿಲ್ಲಾ ಮಕ್ಕಳ ರಕ್ಷಣಾ ಘಟಕ 'ಮಾವಟ್ಟ ಕುಳಂದೈಗಳ್ ಪಾದುಕಾಪ್ಪು ಅಲಗು', ಮಕ್ಕಳ ಕಲ್ಯಾಣ ಸಮಿತಿ 'ಕುಳಂದೈಗಳ್ ನಲಕ್ ಕುಳು'. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಗಳಲ್ಲಿ ಮಹಿಳಾ ಠಾಣೆಗಳಿವೆ. ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲಾ ಕೇಂದ್ರ ಕೃಷ್ಣಗಿರಿಯಲ್ಲಿ.